ಹ್ಯಾಲೋವೀನ್ ಸಂಜೆ: ಕ್ಯಾಂಡಿಗಿಂತ ಮೊದಲು ರಸ್ತೆ ನೋಡಿ

ಅಕ್ಟೋಬರ್ 31ರ ಸಂಜೆ ಅಮೆರಿಕದ ಬಡಾವಣೆಗಳಲ್ಲಿ ಮಕ್ಕಳದ್ದೇ ರಾಜ್ಯ. ದೆವ್ವ, ಮಾಟಗಾತಿ, ಸ್ಪೈಡರ್‌ಮ್ಯಾನ್, ರಾಜಕುಮಾರಿ ಹೀಗೆ ಬಗೆಬಗೆಯ ವೇಷ ತೊಟ್ಟ ಮಕ್ಕಳು ಮನೆಮನೆಯ ಬಾಗಿಲು ತಟ್ಟಿ ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗುತ್ತಾರೆ. ಮನೆಯವರು ಅವರ ಚೀಲಕ್ಕೆ ಕ್ಯಾಂಡಿ ಹಾಕಿ ಕಳಿಸುತ್ತಾರೆ. ಎಡಿಸನ್, ಫ್ರೀಮಾಂಟ್, ಫ್ರಿಸ್ಕೋದಂಥ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಈಗ ವರ್ಷದ ಹಬ್ಬ. ಊರಿನಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜಿ ಕ್ಯಾಂಡಿ ಬುಟ್ಟಿ ಹಿಡಿದು ಬಾಗಿಲಲ್ಲಿ ಕೂರುತ್ತಾರೆ, ತಾತ ಮಕ್ಕಳ ಜೊತೆ ಸುತ್ತಲು ಹೊರಡುತ್ತಾರೆ. ಹಬ್ಬ ಹೊಸದಾದವರಿಗೆ ಅದರ ಅಪಾಯಗಳೂ ಹೊಸವು. ಹಾಗಾಗಿ ಏನನ್ನು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಕೊಟ್ಟಿದೆ.

ಅದಕ್ಕೂ ಮೊದಲು ಒಂದು ಮಾತು. ಈ ಹಬ್ಬ ಎಂದರೆ ಹೆಚ್ಚಿನ ಅಪ್ಪ–ಅಮ್ಮಂದಿರಿಗೆ ಮೊದಲು ಬರುವ ಭಯ, ಯಾರೋ ಕೊಟ್ಟ ಕ್ಯಾಂಡಿಯಲ್ಲಿ ವಿಷವೋ ಬ್ಲೇಡೋ ಇದ್ದರೆ ಎಂಬುದು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಇಂಥ ಸುದ್ದಿಗಳನ್ನೆಲ್ಲ ಜಾಲಾಡಿದ್ದಾರೆ. ಮನೆಮನೆ ಸುತ್ತಿ ಪಡೆದ ಕ್ಯಾಂಡಿಯಲ್ಲಿ ಅಪರಿಚಿತರು ಏನೋ ಬೆರೆಸಿ ಮಗು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೂ ಖಚಿತ ಪ್ರಕರಣ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆಸಿದ ಕ್ಯಾಂಡಿ ತಿಂದು ಸತ್ತದ್ದು ನಿಜ. ಆದರೆ ವಿಷ ಬೆರೆಸಿದವನು ಹೆತ್ತ ಅಪ್ಪ, ವಿಮೆ ಹಣದ ಆಸೆಗೆ.

ನಿಜವಾದ ಅಪಾಯ ರಸ್ತೆಯಲ್ಲಿದೆ. 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತ ದಾಖಲೆಗಳ ಅಧ್ಯಯನವೊಂದು ‘ಜಾಮಾ ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಹ್ಯಾಲೋವೀನ್ ಸಂಜೆಯನ್ನು ಅದರ ಹಿಂದಿನ ವಾರದ ಮತ್ತು ಮುಂದಿನ ವಾರದ ಅದೇ ಸಂಜೆಗಳೊಂದಿಗೆ ಹೋಲಿಸಿ ನೋಡಿದಾಗ, ಪಾದಚಾರಿಗಳ ಸಾವು ಶೇ 43ರಷ್ಟು ಹೆಚ್ಚಿತ್ತು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅಪಾಯ ಹತ್ತು ಪಟ್ಟು. ಅತಿ ಕೆಟ್ಟ ಹೊತ್ತು ಸಂಜೆ ಆರರ ಆಸುಪಾಸು. ಕಾರಣ ಊಹಿಸುವುದು ಕಷ್ಟವಲ್ಲ: ಆಗ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗಿ ಕತ್ತಲು ಕವಿಯುತ್ತಿರುತ್ತದೆ, ಕೆಲಸ ಮುಗಿಸಿದವರು ಕಾರಿನಲ್ಲಿ ಮನೆಗೆ ಧಾವಿಸುತ್ತಿರುತ್ತಾರೆ, ಎದುರು ಸಾಲಿನ ಮನೆಯ ದೀಪ ಕಂಡ ಮಗು ಹಿಂದೆಮುಂದೆ ನೋಡದೆ ಓಡುತ್ತದೆ. ನಿಮ್ಮ ಎಚ್ಚರವನ್ನು ಹಂಚಬೇಕಾಗಿ ಬಂದರೆ ಮುಕ್ಕಾಲು ಪಾಲು ಇಲ್ಲಿಗೇ ಇರಲಿ.

ಹಂತ 1: ಒಂದು ವಾರ ಮೊದಲೇ ವೇಷ ಹಾಕಿಸಿ ನೋಡಿ

ಹೊಸ ವೇಷ ಹಾಕಿಸಿ ಮಗುವನ್ನು ಮನೆಯ ಮೆಟ್ಟಿಲು ಹತ್ತಿಸಿ, ಇಳಿಸಿ. ಅಂಚು ಕಾಲಿಗೆ ಸಿಗುತ್ತಿದ್ದರೆ ಒಳಮಡಿಚಿ ಹೊಲಿಯಿರಿ. ಪಿನ್ ಚುಚ್ಚಿ ಬಿಡಬೇಡಿ, ಅದು ಅರ್ಧ ದಾರಿಯಲ್ಲೇ ಕಳಚುತ್ತದೆ. ಶಿಕಾಗೊ, ಬಾಸ್ಟನ್ ಕಡೆ ಅಕ್ಟೋಬರ್ ಕೊನೆಗೆ ಚಳಿ ಚೆನ್ನಾಗಿ ಹಿಡಿದಿರುತ್ತದೆ. ವೇಷದ ಮೇಲೆ ಜಾಕೆಟ್ ಹಾಕಲು ಯಾವ ಮಗುವೂ ಒಪ್ಪುವುದಿಲ್ಲ. ಅದಕ್ಕೆ ಒಂದು ಸೈಜ್ ದೊಡ್ಡ ವೇಷ ತಂದು, ಸ್ವೆಟರನ್ನು ಒಳಗೆ ಹಾಕಿ.

ಮುಖ ಮುಚ್ಚುವ ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ಬಳಿಯುವುದು ಮೇಲು. ಮುಖವಾಡದ ತೂತಿನಿಂದ ಪಕ್ಕದಲ್ಲಿ ಬರುವ ಕಾರು ಕಾಣುವುದೇ ಇಲ್ಲ. ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಬರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಹದಿಹರೆಯದವರು ಬೆಕ್ಕಿನ ಕಣ್ಣು, ರಕ್ತದ ಕಣ್ಣು ಎಂದು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಕೇಳಬಹುದು. ಕಣ್ಣಿನ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವುದು ಅಮೆರಿಕದಲ್ಲಿ ಕಾನೂನುಬಾಹಿರ. ಕಣ್ಣಿನ ಗುಡ್ಡೆಗೆ ಗಾಯ, ಸೋಂಕು ಆಗಿ ದೃಷ್ಟಿಯೇ ಹೋಗಬಹುದು. ಇದೊಂದಕ್ಕೆ ಖಡಾಖಂಡಿತ ಬೇಡ ಎನ್ನಿ.

ನಮ್ಮ ಮನೆಗಳಲ್ಲಿ ಇನ್ನೊಂದು ನಡೆಯುತ್ತದೆ. ಊರಿಂದ ತಂದ ಲಂಗ–ಬ್ಲೌಸೋ ಲೆಹೆಂಗಾವೋ ಇದ್ದರೆ ಅದನ್ನೇ ತೊಡಿಸಿ ಮಗುವನ್ನು ರಾಜಕುಮಾರಿ ಮಾಡುತ್ತೇವೆ. ನೋಡಲು ಚೆಂದ, ಆದರೆ ಅಂಗಡಿಯ ವೇಷಗಳ ಮೇಲೆ ‘ಬೆಂಕಿ ಬೇಗ ಹತ್ತದು’ ಎಂಬ ಚೀಟಿ ಇರುವ ಹಾಗೆ ಇವುಗಳ ಮೇಲೆ ಇರುವುದಿಲ್ಲ. ತೆಳು ಸಿಂಥೆಟಿಕ್ ದುಪಟ್ಟಾಕ್ಕೆ ಒಂದು ಕಿಡಿ ತಾಗಿದರೂ ಸಾಕು. ದುಪಟ್ಟಾ ಮನೆಯಲ್ಲೇ ಇರಲಿ. ಕಾಲಿಗೆ ಅಳತೆಯ ಶೂ ಹಾಕಿ, ಅಮ್ಮನ ಹೀಲ್ಸ್ ಬೇಡ. ಬೆನ್ನಿಗೂ ಕ್ಯಾಂಡಿ ಚೀಲಕ್ಕೂ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ. ಕಪ್ಪು ಬ್ಯಾಟ್‌ಮ್ಯಾನ್ ವೇಷವಾದರೆ ಇದು ಕಡ್ಡಾಯ ಎಂದೇ ತಿಳಿಯಿರಿ.

ಹಂತ 2: ಕುಂಬಳಕಾಯಿ ಮತ್ತು ಬಾಗಿಲ ಮುಂದಿನ ದೀಪ

ಕುಂಬಳಕಾಯಿಗೆ ಕಣ್ಣು–ಬಾಯಿ ಕೊರೆಯುವಾಗ ಚಾಕು ದೊಡ್ಡವರ ಕೈಯಲ್ಲಿರಲಿ. ಮಕ್ಕಳು ಮುಖ ಬರೆಯಲಿ, ಒಳಗಿನ ತಿರುಳು–ಬೀಜ ಬಗೆದು ತೆಗೆಯಲಿ. ನಿಜವಾದ ಖುಷಿ ಅದರಲ್ಲೇ ಇದೆ. ಅಡುಗೆಮನೆಯ ದೊಡ್ಡ ಚಾಕು ದಪ್ಪ ಸಿಪ್ಪೆಯಲ್ಲಿ ಸಿಕ್ಕಿಕೊಂಡು, ಬಲ ಹಾಕಿ ಎಳೆದಾಗ ಜಾರಿ ಇನ್ನೊಂದು ಕೈಗೆ ಬೀಳುತ್ತದೆ. ಈ ಸಮಯದಲ್ಲಿ ಅಂಗಡಿಗಳಲ್ಲಿ ಸಿಗುವ ಗರಗಸದಂಥ ಸಣ್ಣ ಚಾಕುಗಳೇ ಒಳ್ಳೆಯವು.

ಬೀಜ ಎಸೆಯಬೇಡಿ. ನಾರು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಂದು ಚಮಚ ಎಣ್ಣೆ, ಉಪ್ಪು, ಖಾರದಪುಡಿ, ಚಿಟಿಕೆ ಇಂಗು ಕಲಸಿ ಟ್ರೇನಲ್ಲಿ ಒಂದೇ ಪದರ ಬರುವಂತೆ ಹರವಿ. 350 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ 15ರಿಂದ 20 ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ. ಚಟಪಟ ಸದ್ದು ನಿಂತು ಅಂಚು ಕೆಂಪಗಾದಾಗ ಹೊರಗೆ ತೆಗೆಯಿರಿ. ಚಿಕ್ಕ ಮಕ್ಕಳಿಗೆ ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು.

ಕುಂಬಳಕಾಯಿಯ ಒಳಗೆ ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಡಿ. ಇದು ಕನ್ನಡದ ಮನೆಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಯಾಕೆಂದರೆ ದೀಪಾವಳಿ ಆಗಾಗ ಈ ದಿನದ ಆಸುಪಾಸಿನಲ್ಲೇ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಮೆಟ್ಟಿಲ ಎರಡೂ ಬದಿ ಹಣತೆ, ನಡುವೆ ನೆಲ ಗುಡಿಸುವಂಥ ಮೇಲಂಗಿ ತೊಟ್ಟು ನುಗ್ಗುವ ಮಕ್ಕಳು. ಈ ಎರಡು ಒಟ್ಟಿಗೆ ಇರಬಾರದು. ಹಣತೆ ದೇವರ ಮುಂದೆ ಇರಲಿ. ಬಾಗಿಲ ಮುಂದೆ ಹಚ್ಚಲೇಬೇಕು ಎಂದಿದ್ದರೆ ಮಕ್ಕಳ ಓಡಾಟ ಮುಗಿದ ಮೇಲೆ ಹಚ್ಚಿ.

ಹಂತ 3: ಏನು ಹಂಚಬೇಕು

ಮೊದಲು ಅಜ್ಜಿಯರಿಗೊಂದು ಕೋರಿಕೆ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ, ಚಕ್ಕುಲಿ ಎಷ್ಟೇ ರುಚಿಯಾಗಿದ್ದರೂ ಬಾಗಿಲಿಗೆ ಬಂದ ಪರಿಚಯವಿಲ್ಲದ ಮಕ್ಕಳಿಗೆ ಕೊಡಬೇಡಿ. ಪ್ಯಾಕೆಟ್ ಇಲ್ಲದ ತಿಂಡಿಯನ್ನು ಪರಿಚಿತರು ಕೊಟ್ಟದ್ದಲ್ಲದಿದ್ದರೆ ಎಸೆಯಿರಿ ಎಂದೇ ಇಲ್ಲಿನ ಅಪ್ಪ–ಅಮ್ಮಂದಿರಿಗೆ ಹೇಳಿರುತ್ತಾರೆ. ನಿಮ್ಮ ಶ್ರಮ ಕಸದ ಬುಟ್ಟಿಗೆ ಹೋಗುತ್ತದೆ. ಅವನ್ನು ಕನ್ನಡ ಕೂಟದ ಸ್ನೇಹಿತರ ಮನೆಗೆ ಕೊಡಿ, ತಿಂದು ಹೊಗಳುತ್ತಾರೆ. ಬಾಗಿಲಲ್ಲಿ ಹಂಚಲು ಅಂಗಡಿಯಿಂದ ತಂದ, ಬಿಡಿಬಿಡಿಯಾಗಿ ಸುತ್ತಿದ ಸಣ್ಣ ಕ್ಯಾಂಡಿಗಳೇ ಸರಿ.

ಎರಡನೆಯದು ಅಲರ್ಜಿ. ಕಡಲೆಕಾಯಿ, ಹಾಲು, ಮೊಟ್ಟೆ ಒಗ್ಗದ ಮಕ್ಕಳು ಅಮೆರಿಕದ ಪ್ರತಿ ಶಾಲೆಯಲ್ಲೂ ಇದ್ದಾರೆನ್ನಬಹುದು. ಅಂಥವರಿಗಾಗಿ ಟೆನೆಸೀಯಲ್ಲಿ ಶುರುವಾದ ‘ಟೀಲ್ ಪಂಪ್‌ಕಿನ್’ ಪದ್ಧತಿಯನ್ನು ‘ಫೇರ್’ ಎಂಬ ಆಹಾರ ಅಲರ್ಜಿ ಸಂಸ್ಥೆ 2014ರಿಂದ ದೇಶದ ತುಂಬ ಹರಡಿದೆ. ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಬಾಗಿಲಲ್ಲಿದ್ದರೆ ಅಲ್ಲಿ ತಿನ್ನುವುದಲ್ಲದ ಉಡುಗೊರೆಯೂ ಇದೆ ಎಂದರ್ಥ. ಸ್ಟಿಕ್ಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಬಳೆ, ಸೋಪಿನ ಗುಳ್ಳೆ ಊದುವ ಡಬ್ಬಿ, ಹೀಗೆ ಒಂದು ಪ್ರತ್ಯೇಕ ಬಟ್ಟಲು ಇಟ್ಟರೆ ಸಾಕು, ಖರ್ಚು ಹೆಚ್ಚೇನೂ ಇಲ್ಲ. ಕ್ಯಾಂಡಿ ಮುಟ್ಟಲಾಗದ ಮಗು ನಿಮ್ಮ ಬಾಗಿಲಿಂದ ಬರಿಗೈಯಲ್ಲಿ ಹೋಗುವುದಿಲ್ಲ. ನಮ್ಮವರ ಪ್ರತಿ ಮನೆಯ ಮುಂದೂ ಇಂಥದೊಂದು ಕುಂಬಳಕಾಯಿ ಇರಲಿ ಎಂಬುದು ನನ್ನ ಆಸೆ.

ಹಂತ 4: ಹೊರಡುವ ಮುನ್ನ

ಊಟ ಮಾಡಿಸಿಯೇ ಹೊರಡಿಸಿ. ಅನ್ನ–ಸಾರು ಹೊಟ್ಟೆಗೆ ಬಿದ್ದಿದ್ದರೆ ದಾರಿಯಲ್ಲಿ ಕ್ಯಾಂಡಿಗೆ ಕೈ ಹಾಕುವುದು ಕಡಿಮೆ. ಮನೆಗೆ ಬಂದು ಚೀಲ ನೋಡುವ ತನಕ ಏನೂ ತಿನ್ನಬಾರದು ಎಂಬ ಮಾತು ಆಗಲೇ ಆಗಿಬಿಡಲಿ. ಅನೇಕ ಊರುಗಳಲ್ಲಿ ನಗರಾಡಳಿತವೇ ಹೊತ್ತು ಗೊತ್ತುಮಾಡಿರುತ್ತದೆ. ಅಯೋವಾದ ಡೆಮಾಯ್ನ್‌ನಲ್ಲಿ ಬಹುಕಾಲ 31ರ ಬದಲು 30ನೇ ತಾರೀಖಿಗೇ ಮಕ್ಕಳು ಸುತ್ತುವ ರೂಢಿಯಿತ್ತು. ಹಾಗಾಗಿ ನಿಮ್ಮ ಊರಿನ ವೆಬ್‌ಸೈಟನ್ನು ಒಮ್ಮೆ ನೋಡಿಕೊಳ್ಳಿ. ಹನ್ನೆರಡು ತುಂಬದ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಅದಕ್ಕಿಂತ ದೊಡ್ಡವರು ಗುಂಪಾಗಿ ಹೋಗಲಿ. ಹೋಗುವ ಬೀದಿಗಳು, ವಾಪಸಾಗುವ ಹೊತ್ತು ಮೊದಲೇ ನಿಗದಿಯಾಗಿರಲಿ. ತೀವ್ರ ಅಲರ್ಜಿ ಇರುವ ಮಗುವಿಗೆ ತುರ್ತಿನಲ್ಲಿ ಚುಚ್ಚುವ ಎಪಿನೆಫ್ರಿನ್ ಇಂಜೆಕ್ಷನ್ ಮನೆಯ ಡ್ರಾಯರ್‌ನಲ್ಲಿ ಇದ್ದರೆ ಪ್ರಯೋಜನವಿಲ್ಲ, ಜೊತೆಗೆ ಹೋಗುವವರ ಜೇಬಿನಲ್ಲಿರಬೇಕು.

ಹಂತ 5: ರಸ್ತೆಯಲ್ಲಿ

ಊರಿಂದ ಬಂದ ತಾತಂದಿರು ಮುಖ್ಯವಾಗಿ ಗಮನಿಸಬೇಕು. ನಮ್ಮಲ್ಲಿ ರಸ್ತೆಗಿಳಿದರೆ ವಾಹನ ಮೊದಲು ಬರುವುದು ಬಲಗಡೆಯಿಂದ, ಅಮೆರಿಕದಲ್ಲಿ ಎಡಗಡೆಯಿಂದ. ಜೀವಮಾನವಿಡೀ ಬಲಕ್ಕೆ ನೋಡಿ ಹೆಜ್ಜೆ ಇಟ್ಟ ಕತ್ತು ತಾನಾಗಿಯೇ ಆ ಕಡೆಗೆ ತಿರುಗುತ್ತದೆ, ಅಷ್ಟರಲ್ಲಿ ಮೊಮ್ಮಗಳ ಕೈ ಹಿಡಿದು ಒಂದು ಹೆಜ್ಜೆ ಮುಂದಿಟ್ಟಾಗಿರುತ್ತದೆ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ ನೋಡಿ. ಹಗಲು ಹೊತ್ತಿನಲ್ಲಿ ಎರಡು ದಿನ ಅದೇ ದಾರಿಯಲ್ಲಿ ಮಗುವಿನ ಜೊತೆ ನಡೆದು ರೂಢಿ ಮಾಡಿಕೊಳ್ಳಿ. ಇನ್ನೊಂದು, ಅಮೆರಿಕದ ಹೆಚ್ಚಿನ ಕಡೆ ಕೆಂಪು ದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗಲು ಕಾರಿಗೆ ಅವಕಾಶವಿದೆ. ನಡೆಯುವವರ ದೀಪ ಹತ್ತಿತು ಎಂದ ಮಾತ್ರಕ್ಕೆ ಮೈಮರೆಯುವಂತಿಲ್ಲ.

ಫುಟ್‌ಪಾತ್ ಮೇಲೆಯೇ ನಡೆಯಿರಿ. ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಎಡಬದಿಯಲ್ಲಿ ನಡೆಯಿರಿ. ಬೀದಿಯ ಒಂದು ಸಾಲಿನ ಮನೆಗಳನ್ನು ಪೂರ್ತಿ ಮುಗಿಸಿ, ಮೂಲೆಯಲ್ಲಿ ದಾಟಿ, ಇನ್ನೊಂದು ಸಾಲು ಹಿಡಿಯಿರಿ. ಆ ಮನೆ, ಈ ಮನೆ ಎಂದು ಅಡ್ಡಾದಿಡ್ಡಿ ದಾಟುವಾಗಲೇ, ನಿಲ್ಲಿಸಿದ ಎರಡು ಕಾರುಗಳ ನಡುವಿಂದ ಮಗು ಹೊರಬಂದಾಗಲೇ ಅನಾಹುತ ಆಗುವುದು. ಚಾಲಕನಿಗೆ ಅಷ್ಟು ಚಿಕ್ಕ ಮಗು ಕಾಣುವುದು ಕೊನೆಯ ಕ್ಷಣದಲ್ಲಿ. ಕೈಯಲ್ಲಿ ಟಾರ್ಚ್ ಇರಲಿ, ಫೋನ್ ಜೇಬಿನಲ್ಲಿರಲಿ. ಮುಂಬಾಗಿಲ ದೀಪ ಆರಿಸಿದ ಮನೆಯವರು ಈ ಸಲ ಹಬ್ಬ ಮಾಡುತ್ತಿಲ್ಲ, ಅಲ್ಲಿ ತಟ್ಟುವುದು ಬೇಡ. ಯಾರ ಮನೆಯ ಒಳಗೂ, ಯಾರ ಕಾರಿನ ಒಳಗೂ ಹೋಗಬಾರದೆಂದು ಮಕ್ಕಳಿಗೆ ಹೇಳಿ.

ಆ ಸಂಜೆ ಕಾರು ಓಡಿಸುವವರು ನೀವಾಗಿದ್ದರೆ, ಆರರ ಹೊತ್ತಿಗೆ ಬಡಾವಣೆಯೊಳಗೆ ತೆವಳಿದಂತೆ ಬನ್ನಿ. ಡ್ರೈವ್‌ವೇಯಿಂದ ಹಿಂದಕ್ಕೆ ತೆಗೆಯುವ ಮೊದಲು ಇಳಿದು ಒಮ್ಮೆ ಹಿಂದೆ ನೋಡಿ.

ಹಂತ 6: ಚೀಲ ಬಿಚ್ಚಿದ ಮೇಲೆ

ಮನೆಗೆ ಬಂದವರೇ ಚೀಲವನ್ನು ಮೇಜಿನ ಮೇಲೆ ಸುರಿಯಿರಿ. ಹರಿದ, ಬಿಚ್ಚಿಕೊಂಡ ಪ್ಯಾಕೆಟ್ ಮೊದಲು ಹೊರಗೆ. ಆಮೇಲೆ ಹೆಸರು ಓದಿ. ಗಾಂಜಾದ ಅಂಶವಿರುವ ಗಮ್ಮಿಗಳು ಪರಿಚಿತ ಕ್ಯಾಂಡಿಯನ್ನೇ ಹೋಲುವ ಹೊದಿಕೆಯಲ್ಲಿ ಬರುವುದುಂಟು, ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ ಎಚ್ಚರಿಸಿದೆ. ಹಬ್ಬದಲ್ಲಿ ಯಾರೋ ಹಂಚುವುದಕ್ಕಿಂತ, ಮನೆಯ ದೊಡ್ಡವರು ಇಟ್ಟದ್ದು ಮಗುವಿನ ಕೈಗೆ ಸಿಗುವುದೇ ಹೆಚ್ಚಿನ ಆತಂಕ. ‘ಟಿಎಚ್‌ಸಿ’ (ಗಾಂಜಾದ ಅಮಲಿನ ಅಂಶ) ಎಂದು ಅಚ್ಚಾಗಿದ್ದರೆ ಮುಟ್ಟಬೇಡಿ.

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ಹೆಚ್ಚಿನ ಕೆಲಸವಿದೆ. ಮಾರ್ಷ್‌ಮ್ಯಾಲೊ, ಹರಿಬೊ ಕರಡಿ ಗಮ್ಮಿಗಳು, ಅಮೆರಿಕದ ಸ್ಟಾರ್‌ಬರ್ಸ್ಟ್, ಬ್ರಾಕ್ಸ್ ಕಂಪನಿಯ ಕ್ಯಾಂಡಿ ಕಾರ್ನ್, ಇವುಗಳಲ್ಲೆಲ್ಲ ಜೆಲಟಿನ್ ಇದೆ, ಅಂದರೆ ಪ್ರಾಣಿಗಳ ಚರ್ಮ–ಮೂಳೆಯಿಂದ ತೆಗೆದ ಅಂಟು. ಸ್ನಿಕರ್ಸ್, ಮಿಲ್ಕಿ ವೇ, ತ್ರೀ ಮಸ್ಕಿಟಿಯರ್ಸ್‌ನಲ್ಲಿ ಮೊಟ್ಟೆಯ ಬಿಳಿಭಾಗವಿದೆ. ಸ್ಕಿಟಲ್ಸ್, ಸೋರ್ ಪ್ಯಾಚ್ ಕಿಡ್ಸ್, ಡಮ್ ಡಮ್ಸ್‌ನಲ್ಲಿ ಜೆಲಟಿನ್ ಇಲ್ಲ. ಭಾರತದ ಹಾಗೆ ಹಸಿರು ಚುಕ್ಕೆಯ ಗುರುತು ಇಲ್ಲಿಲ್ಲ, ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಸಣ್ಣ ಪ್ಯಾಕೆಟ್‌ನ ಮೇಲೆ ಪಟ್ಟಿ ಇರದೆಯೂ ಇರಬಹುದು, ಒಮ್ಮೊಮ್ಮೆ ದೊಡ್ಡ ಬಾರ್‌ಗೂ ಸಣ್ಣದಕ್ಕೂ ಪದಾರ್ಥ ಬೇರೆ ಇರುತ್ತದೆ. ಅಲರ್ಜಿ ಇರುವ ಮಗುವಿಗೆ ಪಟ್ಟಿಯಿಲ್ಲದ ಕ್ಯಾಂಡಿ ಕೊಡಲೇಬೇಡಿ. ತೆಗೆದದ್ದಕ್ಕೆ ಬದಲಾಗಿ ಮಗುವಿಗೆ ಇಷ್ಟವಾದ ಇನ್ನೊಂದನ್ನು ಅಲ್ಲಿಯೇ ಕೊಟ್ಟರೆ ಅಳು ಇರುವುದಿಲ್ಲ.

ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಕ್ಯಾಂಡಿ, ಚ್ಯೂಯಿಂಗ್ ಗಮ್, ಇಡೀ ಕಡಲೆಕಾಯಿ ಬೀಜ, ಪಾಪ್‌ಕಾರ್ನ್ ಬೇಡ. ಅಕ್ಕನ ಚೀಲ ತಮ್ಮನ ಕೈಗೆ ಎಟುಕದಂತೆ ಮೇಲಿಡಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಎಟುಕಬಾರದು. ಚಾಕೊಲೇಟ್, ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ಗಮ್ ಎರಡೂ ನಾಯಿಗೆ ವಿಷ.

ಮಗು ತಿನ್ನಬಾರದ್ದೇನಾದರೂ ನುಂಗಿದ ಅನುಮಾನ ಬಂದರೆ 1-800-222-1222ಕ್ಕೆ ಕರೆ ಮಾಡಿ. ಅಮೆರಿಕದ ವಿಷ ನಿಯಂತ್ರಣ ಕೇಂದ್ರದ ಈ ಸಂಖ್ಯೆ ಹಗಲು ರಾತ್ರಿ ಉಚಿತ. ಉಸಿರಾಟಕ್ಕೆ ಕಷ್ಟ, ತುಟಿ–ನಾಲಿಗೆ ಊತ, ಎಚ್ಚರ ತಪ್ಪುವುದು ಕಂಡರೆ ಅಲ್ಲಿಗೆ ಫೋನ್ ಮಾಡುತ್ತ ಕೂರದೆ ನೇರ ತುರ್ತು ಸೇವೆಯ 911 ಒತ್ತಿ. ಅಲರ್ಜಿಯ ಮಗುವಾದರೆ ಎಪಿನೆಫ್ರಿನ್ ಮೊದಲು ಚುಚ್ಚಿ, ಆಮೇಲೆ ಕರೆ ಮಾಡಿ.