ಮುಂದಿನ ಬಂಪರ್ ಬದಲಿಸಬೇಕೇ? ಮೊದಲು ಲೆಕ್ಕ ಹಾಕಿ

ಕರಾವಳಿ ಹೆದ್ದಾರಿಯಲ್ಲಿ ರಾತ್ರಿ ಮಲಗುವ ದನ, ಶಿರಸಿ ಕಡೆ ರಸ್ತೆಗೆ ನುಗ್ಗುವ ಕಾಡುಹಂದಿ, ಮನೆ ಗೇಟಿನ ಚಿರೆಕಲ್ಲು ಕಂಬ. ಯಾವುದಕ್ಕೆ ತಾಗಿದರೂ ಮೊದಲು ಹೋಗುವುದು ಕಾರಿನ ಮುಂದಿನ ಬಂಪರು. ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯಲ್ಲೇ ಮೂವರು ಹೊಸ ಬಂಪರ್ ಹಾಕಿಸಿದರು. ಮೂವರೂ ಮಾಡಿದ್ದು ಒಂದೇ ತಪ್ಪು: 'ಇನ್ಶೂರೆನ್ಸ್ ಇದೆಯಲ್ಲ' ಎಂದು ಲೆಕ್ಕ ನೋಡದೆ ಕ್ಲೇಮ್ ಹಾಕಿದರು.

ಪೆಟ್ಟು ಬಿದ್ದ ಕೂಡಲೇ ಎಂಜಿನ್ ಆಫ್ ಮಾಡಿ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ನಂಬರ್ ಪ್ಲೇಟ್ ಕಾಣಲಿ.

ಆಮೇಲೆ ಬಗ್ಗಿ, ಕೆಳಗಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಬಂಪರ್ ಎಂದು ನಾವು ಕರೆಯುವುದು ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಬಹಳಷ್ಟು ಕಾರುಗಳಲ್ಲಿ ಅದರ ಹಿಂದೆ ಕಬ್ಬಿಣದ ಅಡ್ಡಪಟ್ಟಿ, ಅದರ ಹಿಂದೆ ಎಸಿ ಕಂಡೆನ್ಸರ್, ಅದಕ್ಕೂ ಹಿಂದೆ ರೇಡಿಯೇಟರ್ ಇರುತ್ತವೆ. ಪಟ್ಟಿ ಬಾಗಿದೆಯೇ? ನೆಲದ ಮೇಲೆ ಹಸಿರು ಅಥವಾ ಗುಲಾಬಿ ಬಣ್ಣದ ನೀರು ತೊಟ್ಟಿಕ್ಕಿದೆಯೇ? ಹಾಗಿದ್ದರೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ದೇವಿಮನೆ ಘಟ್ಟದಲ್ಲಿ ಎಂಜಿನ್ ಬಿಸಿಯಾದರೆ ಸಾವಿರದ ಕೆಲಸ ಲಕ್ಷಕ್ಕೆ ಹೋಗುತ್ತದೆ. ಕ್ಲೇಮ್ ಮಾಡುವ ಯೋಚನೆಯಿದ್ದರೆ ಸರ್ವೇಯರ್ (ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವವರು) ನೋಡುವವರೆಗೆ ಯಾವ ಬೋಲ್ಟನ್ನೂ ಬಿಚ್ಚಿಸಬೇಡಿ. ಕಂಪನಿಗೆ ತಿಳಿಸುವುದನ್ನು ನಾಳೆಗೆ ಮುಂದೂಡಲೂ ಬೇಡಿ. ಲೆಕ್ಕವೆಲ್ಲ ಅದೇ ದಿನ ಮುಗಿಯಲಿ.

ಇನ್ನು ಎಸ್ಟಿಮೇಟ್. 'ಎಲ್ಲಾ ಸೇರಿ ಇಷ್ಟು' ಎಂಬ ಒಂದೇ ಸಾಲಿನ ಚೀಟಿಯನ್ನು ಒಪ್ಪಬೇಡಿ. ಹೊದಿಕೆ, ಕ್ಲಿಪ್ಪು-ಬ್ರಾಕೆಟ್ಟು, ಪೇಂಟಿಂಗ್, ಫಿಟ್ಟಿಂಗ್ ಕೂಲಿ, ಜಿಎಸ್‌ಟಿ ಬೇರೆ ಬೇರೆಯಾಗಿ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ಹಳೇ ದರ ಹಾಕಿದ್ದರೆ ಕೇಳಿ. ಸಣ್ಣ ಕಾರಿಗೆ ಹೊದಿಕೆಗಿಂತ ಬಣ್ಣದ್ದೇ ಹೆಚ್ಚು ಖರ್ಚಾಗುವುದುಂಟು.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಲೆಕ್ಕಕ್ಕಾಗಿ ಹೀಗೆ ಹಿಡಿಯಿರಿ: ತೆರಿಗೆ ಸೇರಿ ಹೊದಿಕೆ ಮತ್ತು ಕ್ಲಿಪ್ಪಿಗೆ 4,000, ಪೇಂಟಿಂಗ್‌ಗೆ 4,000, ಕೂಲಿ 1,000. ಒಟ್ಟು 9,000 ರೂಪಾಯಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ, ಕಾರು ಹೊಸದಾದರೂ, ಅರ್ಧ ಹಣ ಮಾತ್ರ; ಉಳಿದರ್ಧ ಸವಕಳಿಯೆಂದು ಕಳೆಯುತ್ತಾರೆ. ಅಲ್ಲಿ 2,000 ಹೋಯಿತು. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನಿನ ಬೆಲೆಯೆಂದು ಹಿಡಿದು ಅದರರ್ಧ ಕಳೆಯುತ್ತಾರೆ, ಮತ್ತೆ 500. ಎಂಜಿನ್ 1500 ಸಿಸಿ ಒಳಗಿದ್ದರೆ ಪ್ರತಿ ಕ್ಲೇಮಿಗೆ ಕಡ್ಡಾಯ ಕಡಿತ 1,000. ಕೊನೆಗೆ ನಿಮಗೆ ಸಿಗುವುದು 5,500.

ಈಗ ಕಳೆದುಕೊಳ್ಳುವುದನ್ನು ನೋಡಿ. ಐದು ವರ್ಷ ಕ್ಲೇಮ್ ಇಲ್ಲದೆ ಬಂದವರಿಗೆ ಸ್ವಂತ ಹಾನಿಯ (ನಿಮ್ಮದೇ ಕಾರಿಗೆ ಆಗುವ ಹಾನಿಯ) ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಇರುತ್ತದೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆ. ಅಲ್ಲಿಂದ ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಬೋನಸ್ ಕಳೆಯುವ ಮೊದಲು ಆ ಪ್ರೀಮಿಯಂ 8,000 ಇದ್ದರೆ ಮೊದಲ ವರ್ಷ 4,000 ನಷ್ಟ, ಎರಡನೇ ವರ್ಷ 2,400. ಎರಡೇ ವರ್ಷಕ್ಕೆ 6,400 ಹೋಯಿತು, ಸಿಕ್ಕಿದ್ದು 5,500. ನಮ್ಮ ಪಕ್ಕದ ಮನೆಯ ಹೆಗಡೇರಿಗೆ ಇದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದಾಗ, 'ಮೊದ್ಲೇ ಹೇಳೂಕೆ ಆಗ್ತಿತ್ತಿಲ್ವನಾ?' ಎಂದು ನೊಂದುಕೊಂಡರು. ಅವರ ಕ್ಲೇಮ್ ಆಗಲೇ ಪಾಸಾಗಿತ್ತು.

ಝೀರೋ ಡೆಪ್ ಎಂಬ ಆಡ್-ಆನ್ (ಹೆಚ್ಚು ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ) ಇದ್ದರೆ ಸವಕಳಿಯ ಕಡಿತ ಇರುವುದಿಲ್ಲ. ಆದರೆ ಕಡ್ಡಾಯ ಕಡಿತದ ಸಾವಿರವೂ ಬೋನಸ್ಸೂ ಹೋಗುವುದು ತಪ್ಪುವುದಿಲ್ಲ. ಬೋನಸ್ ಉಳಿಸಲು ಬೇರೆಯೇ ಆಡ್-ಆನ್ ಬೇಕು. ನನ್ನ ಖಂಡಿತ ಸಲಹೆ ಇದು: ಹೊದಿಕೆ ಒಂದೇ ಹೋಗಿದ್ದರೆ ಕೈಯಿಂದ ಕೊಡಿ. ಕಂಡೆನ್ಸರ್, ರೇಡಿಯೇಟರ್, ಹೆಡ್‌ಲೈಟ್ ಸೇರಿದ್ದರೆ ಕ್ಲೇಮ್ ಮಾಡಿ.

ಕೈಯಿಂದ ಕೊಡುವುದಾದರೆ ಹೊಸದೇ ಬೇಕೆಂದಿಲ್ಲ. ಒಂದು ಕಡೆ ಸೀಳಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಸಾಕು. ಒಳಗೆ ನುಗ್ಗಿದ್ದರೆ ಬಿಸಿನೀರು ಸುರಿದು ಹಿಂದಿನಿಂದ ನೂಕಿದರೂ ಬಹಳಷ್ಟು ಸಲ ಎದ್ದು ಬರುತ್ತದೆ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಕೂಡುವಲ್ಲಿ ಕಚ್ಚುವ ಹಲ್ಲುಗಳು ಮುರಿದಿದ್ದರೆ ಮಾತ್ರ ಹೊಸದು ತರಿಸಿ. ಅದೂ ಒರಿಜಿನಲ್ಲೇ. ಅರ್ಧ ರೇಟಿನ ಡೂಪ್ಲಿಕೇಟ್ ಹಾಕಿಸಿ ಒಮ್ಮೆ ಸೋತಿದ್ದೇನೆ: ಹೆಡ್‌ಲೈಟಿನ ಕೆಳಗೆ ಕಿರುಬೆರಳು ಹೋಗುವಷ್ಟು ಸಂದು ಉಳಿಯಿತು, ಸ್ಕ್ರೂ ಬಿಗಿಸಿದಷ್ಟೂ ಮೂಲೆ ಬಾಗಿತು. ಬಂಪರಿನ ಬದಲು ಕಬ್ಬಿಣದ ಗಾರ್ಡ್ ಹಾಕಿಸುವ ಆಲೋಚನೆ ಬಿಟ್ಟುಬಿಡಿ. ಅದು ಪೆಟ್ಟನ್ನು ನೇರವಾಗಿ ಚಾಸಿಗೆ ಸಾಗಿಸುತ್ತದೆ, ಏರ್‌ಬ್ಯಾಗಿನ ಕೆಲಸವನ್ನೂ ಕೆಡಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ.

ಬಣ್ಣಕ್ಕೆ ಅವಸರ ಬೇಡ. ಪೇಂಟ್ ಕೋಡ್ ಹೆಚ್ಚಾಗಿ ಬಾಗಿಲ ಕಂಬದ ಅಥವಾ ಬಾನೆಟ್ ಒಳಗಿನ ಸ್ಟಿಕರ್ ಮೇಲಿರುತ್ತದೆ. ಕಣ್ಣಂದಾಜಿನಲ್ಲಿ ಕಲಸುವುದನ್ನು ಒಪ್ಪಬೇಡಿ. ಹೊಸ ಪ್ಲಾಸ್ಟಿಕ್ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ. ಅದನ್ನು ತೊಳೆದು, ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದ ಮೇಲೇ ಬಣ್ಣ. ಪ್ರೈಮರ್ ತಪ್ಪಿಸಿದರೆ ಬಣ್ಣ ಹಪ್ಪಳದಂತೆ ಏಳುತ್ತದೆ. ಶಿರಸಿಯ ಜುಲೈ ಮಳೆಯಲ್ಲಿ ತೆರೆದ ಶೆಡ್ಡಿನಲ್ಲಿ ಹೊಡೆದ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಹಾಲು ಚೆಲ್ಲಿದಂತೆ ಮಬ್ಬಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಚ್ಚಿದ ಬೂತ್ ಇರುವ ಕಡೆ ಕೊಡಿ; ಇಲ್ಲದಿದ್ದರೆ ಸೀಳು ಬಂಪರನ್ನು ಕೇಬಲ್ ಟೈ ಹಾಕಿ ಬಿಗಿದು ಬಿಸಿಲಿಗೆ ಕಾಯಿರಿ.

ಗಾಡಿ ಪಡೆಯುವಾಗ ಹಗಲಲ್ಲೇ ಹೋಗಿ. ಎರಡೂ ಬದಿಯ ಸಂದು ಸಮವಾಗಿದೆಯೇ ನೋಡಿ, ಫಾಗ್ ಲ್ಯಾಂಪ್ ಹಚ್ಚಿಸಿ, ನೆಲಕ್ಕೆ ಬಗ್ಗಿ ಅಡಿಯ ಕವರಿನ ಸ್ಕ್ರೂ ಎಣಿಸಿ. ಎರಡು ಸ್ಕ್ರೂ ಬಿಟ್ಟರೂ ನೀರು ತುಂಬಿದ ಹೊಂಡಕ್ಕೆ ಇಳಿದಾಗ ಆ ಕವರು ಕಿತ್ತು ರಸ್ತೆಯಲ್ಲೇ ಉಳಿಯುತ್ತದೆ.