ಉಪ್ಪು ಹತ್ತಿದ ಗೋಡೆಗೆ ಸುಣ್ಣದ ಗಾರೆ: ಅಮ್ಮನೊಂದಿಗೆ ಜಾಫ್ನಾದಲ್ಲಿ ಮಾಡಿದ ಸೇವಾಕೆಲಸ

ಶ್ರೀಲಂಕಾದ ಜಾಫ್ನಾದ ಕ್ರೈಸ್ತ ಸೇವಾಸಂಸ್ಥೆಯೊಂದರ ವಸತಿಗೃಹದಲ್ಲಿ ನಾವು ಗಾರೆ ಮಾಡಿದ ಪೂರ್ವ ದಿಕ್ಕಿನ ಗೋಡೆಯು 2024ರ ಹಿಂಗಾರನ್ನೂ, ಆ ನವೆಂಬರಿನ ಕೊನೆಯಲ್ಲಿ ಫೆಂಗಲ್ ಚಂಡಮಾರುತ ತಂದ ಜಡಿಮಳೆಯನ್ನೂ ಒಂದು ಚಕ್ಕೆಯೂ ಉದುರದಂತೆ ದಾಟಿತು. ಅದೇ ಗೋಡೆಗೆ ಹಿಂದೆ ಬಳಿದಿದ್ದ ಸಿಮೆಂಟು ಎರಡನೆಯ ಮಳೆಗಾಲವನ್ನು ಒಮ್ಮೆಯೂ ಪೂರ್ತಿ ಕಂಡಿರಲಿಲ್ಲ. ಸುಣ್ಣದಿಂದ ಏನೂ ಆಗದು ಎಂದು ಅಲ್ಲಿನ ಎಂಜಿನಿಯರರೂ, ಅರವತ್ತೆಂಟರ ಹೆಂಗಸನ್ನು, ಅಂದರೆ ನನ್ನ ಅಮ್ಮನನ್ನು, ಕರೆದುಕೊಂಡು ಹೋಗಿ ಕಟ್ಟಡದ ಕೆಲಸ ಮಾಡಿಸುವುದೇ ತಪ್ಪು ಎಂದು ನಮ್ಮ ಚರ್ಚಿನ ಸಭೆಯ ಹಿರಿಯರೂ ಹೇಳಿದ್ದರಿಂದ, ಏನು ಮಾಡಿದೆವು, ಎಷ್ಟು ಹಣ ಹೋಯಿತು ಎಂಬುದನ್ನು ಬರೆದಿಡುವುದು ಉಚಿತವೆನಿಸಿತು. ಗಾರೆ ಕೆಲಸ ಬಲ್ಲವರಿಗೆಂದೇ ಇದನ್ನು ಬರೆಯುತ್ತಿರುವುದರಿಂದ, ಸುಣ್ಣ ಹೇಗೆ ಗಟ್ಟಿಯಾಗುತ್ತದೆ ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ.

ನಾನು ಬೆಂಗಳೂರಿನ ಲಿಂಗರಾಜಪುರದಲ್ಲಿದ್ದುಕೊಂಡು ಹಳೆಯ ಮನೆಗಳ ದುರಸ್ತಿಯ ಗುತ್ತಿಗೆ ಮಾಡುತ್ತೇನೆ. ಅಮ್ಮ 1970ರ ದಶಕದಲ್ಲಿ ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದಿಂದ ಮಾಡುವ ಹಳೆಯ ಚಾವಣಿ) ದುರಸ್ತಿಗೆ ಹೋಗುತ್ತಿದ್ದವರು. ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿದ ಮೇಲೆ ಸಾಲಾಗಿ ಕುಳಿತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದ ಹೆಂಗಸರಲ್ಲಿ ಅವರೂ ಒಬ್ಬರು. ಕರಣೆ ಹಿಡಿಯುವ ಕೆಲಸವನ್ನು ಆಗ ಹೆಂಗಸರಿಗೆ ಕೊಡುತ್ತಿರಲಿಲ್ಲ, ಈಗಲೂ ಕೊಡುವುದು ಅಪರೂಪ. ಆದರೆ ಗಾರೆಯನ್ನು ಕಲಸುತ್ತಿದ್ದವರು, ಹದ ನೋಡುತ್ತಿದ್ದವರು, ಗಾರೆಗೆ ಬೆರೆಸುವ ನೀರಿಗೆ ಅಳಲೆಕಾಯಿ ನೆನೆಹಾಕುತ್ತಿದ್ದವರು ಆ ಹೆಂಗಸರೇ ಆದ್ದರಿಂದ, ಸುಣ್ಣದ ವಿಷಯದಲ್ಲಿ ಮೇಸ್ತ್ರಿಗಳಿಗಿಂತ ಹೆಚ್ಚಿನ ತಿಳಿವಳಿಕೆ ಅವರ ಕೈಯಲ್ಲಿತ್ತು. ಬೆಂಗಳೂರಿನ ಕಟ್ಟಡ ಕೂಲಿಗಳ ನಡುವೆ ಕಲಿತ ತಮಿಳು ಜಾಫ್ನಾದಲ್ಲಿ ಅಮ್ಮನನ್ನು ನನಗಿಂತ ಬೇಗ ಮನೆಯವರನ್ನಾಗಿ ಮಾಡಿತು.

ಅಮೆರಿಕದ ಮಿಷನರಿಗಳು 1816ರಲ್ಲಿ ಜಾಫ್ನಾಕ್ಕೆ ಬಂದು ವಡ್ಡುಕೋಟ್ಟೈ, ಉಡುವಿಲ್ ಮುಂತಾದ ಕಡೆ ಶಾಲೆಗಳನ್ನು ತೆರೆದರು. ನಾವು ಕೆಲಸ ಮಾಡಿದ ಕಟ್ಟಡ ಅವರದಲ್ಲ, ಆದರೆ ಕಟ್ಟಿರುವ ರೀತಿ ಅದೇ: ಎರಡು ಅಡಿ ದಪ್ಪದ ಸುಣ್ಣಕಲ್ಲು ಮತ್ತು ಹವಳದ ಕಲ್ಲಿನ ಗೋಡೆ, ಸುಣ್ಣದ ಗಾರೆ, ತಾಳೆಮರದ ತೊಲೆಗಳು, ಮೇಲೆ ನಮ್ಮ ಮಂಗಳೂರು ಹೆಂಚಿನಂಥದೇ ಹೆಂಚು. ಇಂಥ ಗೋಡೆಯ ಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಬಳಿದು, ಅದರೊಳಗೆ ನೀರು ತಡೆಯುವ ರಾಸಾಯನಿಕವನ್ನೂ ಸೇರಿಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿದ್ದರು. ನೆಲದಿಂದ ಏರಿದ ತೇವಕ್ಕೆ ಹೊರಬರಲು ದಾರಿಯಿಲ್ಲದೆ, ಅದು ಹೊತ್ತು ತಂದ ಉಪ್ಪು ಸಿಮೆಂಟಿನ ಹಿಂದೆ ಕೂತು, ಎದೆಮಟ್ಟದವರೆಗೂ ಗಾರೆಯನ್ನು ಹಲಗೆ ಹಲಗೆಯಾಗಿ ತಳ್ಳಿ ಹಾಕಿತ್ತು. ಪ್ರತಿ ಸಲದ ಸಿಮೆಂಟು ಗಾರೆಗೆ ಶ್ರೀಲಂಕಾ ರೂಪಾಯಿಯಲ್ಲಿ ಆರು ಲಕ್ಷದ ಆಸುಪಾಸು ಖರ್ಚಾಗಿದೆ ಎಂದು ಅವರ ಲೆಕ್ಕದ ಪುಸ್ತಕ ಹೇಳುತ್ತಿತ್ತು. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆ ರೂಪಾಯಿಯೆಂದು ಹಿಡಿದರೆ, ಸುಮಾರು ಒಂದೂಮುಕ್ಕಾಲು ಲಕ್ಷ ಭಾರತೀಯ ರೂಪಾಯಿ ಎರಡೆರಡು ವರ್ಷಕ್ಕೊಮ್ಮೆ ಅಂಗಳದಲ್ಲಿ ಪುಡಿಯಾಗಿ ಬೀಳುತ್ತಿತ್ತು.

ನಮ್ಮ ಮೊದಲ ಪ್ರಯತ್ನವೂ ಬಿದ್ದುಹೋಯಿತು. ಸೇವೆಗೆಂದು ಹೊರದೇಶಕ್ಕೆ ಹೋಗುವ ಸಭೆಯವರಿಗೆಲ್ಲ ರಜೆ ಸಿಗುವುದು ಕ್ರಿಸ್‌ಮಸ್ ಸಮಯದಲ್ಲಿ. ಜಾಫ್ನಾಕ್ಕೆ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನೆನೆದು ತೊಯ್ದು ನಿಂತ ಗೋಡೆಗೆ ಡಿಸೆಂಬರಿನಲ್ಲಿ ಸುಣ್ಣ ಹಾಕಿದರೆ ಅದು ತಿಂಗಳಾದರೂ ಹಸಿಯಾಗಿಯೇ ಇರುತ್ತದೆ. ನಾವೂ ಹಾಗೆಯೇ ಹಾಕಿದ್ದೆವು. ತಂಡ ಹೊರಡುವ ದಿನ ನೋಡಲು ಚೆನ್ನಾಗಿತ್ತು, ದಾನಿಗಳಿಗೆ ಕಳುಹಿಸಲು ಛಾಯಾಚಿತ್ರವೂ ಚೆನ್ನಾಗಿ ಬಂದಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲ ಮುಗಿಯುವಷ್ಟರಲ್ಲಿ ಉಗುರಿನಿಂದ ಕೆರೆದರೆ ಮರಳಿನಂತೆ ಉದುರುತ್ತಿದೆ ಎಂಬ ಸುದ್ದಿ ಬಂತು. ಸುಣ್ಣದ ಕಾಲ ಮುಗಿಯಿತೆಂದು ಎಂಜಿನಿಯರರು ಸಂಸ್ಥೆಗೆ ಬರೆದುಕೊಟ್ಟದ್ದು ಇದರ ಮೇಲೆಯೇ.

ಅಮ್ಮ ಹೇಳಿದ್ದು ಬೇರೆ. ಉಪ್ಪನ್ನು ಮೊದಲು ಗೋಡೆಯಿಂದ ಹೊರಗೆ ಕರೆಯಬೇಕು, ಅದಕ್ಕೆ ತಿಂಗಳುಗಳು ಬೇಕು, ಸುಣ್ಣವೂ ಅಷ್ಟೇ ಕಾಲ ನೀರಿನಲ್ಲಿ ಮಾಗಬೇಕು, ಆದ್ದರಿಂದ ಒಂದೇ ಸಲ ಹೋಗಿ ಮುಗಿಸುವ ಕೆಲಸ ಇದಲ್ಲ ಎಂಬುದು ಅವರ ವಾದ. ನಾವು ಕೊಟ್ಟ ಯೋಜನೆ ಹೀಗಿತ್ತು: ಮಳೆ ನಿಂತು ಗೋಡೆ ಆರತೊಡಗುವ ಫೆಬ್ರವರಿಯಲ್ಲಿ ಹೋಗಿ ಹಳೆಯದನ್ನು ಕೆತ್ತಿ, ಉಪ್ಪೆಳೆಯುವ ಬಡಕಲು ಗಾರೆಯೊಂದನ್ನು ಹಾಕಿ, ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿಟ್ಟು ಬರುವುದು; ಬೇಸಿಗೆಯೆಲ್ಲ ಗೋಡೆಯನ್ನು ಮುಟ್ಟದಿರುವುದು; ಹಿಂಗಾರಿಗೆ ಮುಂಚೆ ಹೋಗಿ ನಿಜವಾದ ಗಾರೆ ಹಾಕುವುದು. ಆರು ತಿಂಗಳ ಕಾಲ ಗೋಡೆ ಕೊಳಕಾಗಿ ಕಾಣುತ್ತದೆ, ದಾನಿಗಳಿಗೆ ಏನು ತೋರಿಸುವುದು ಎಂಬುದೇ ಸಂಸ್ಥೆಯ ದೊಡ್ಡ ಚಿಂತೆಯಾಗಿತ್ತು. ಸಾಮಗ್ರಿಯ ಖರ್ಚು ನಮ್ಮದೇ ಎಂದ ಮೇಲೆ ಒಪ್ಪಿದರು.

ಕಾಗದಪತ್ರದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕರಣೆ ಹಿಡಿಯಬೇಡಿ. ಸಂಬಳವಿಲ್ಲದ ಸೇವೆಯೂ ಕೆಲಸವೇ ಆಗುವುದರಿಂದ, ಕರೆಸಿಕೊಳ್ಳುವ ಸಂಸ್ಥೆಯೇ ವಲಸೆ ಇಲಾಖೆಗೆ ಬರೆದು ತಕ್ಕ ವೀಸಾ ಮಾಡಿಸಿಕೊಡಬೇಕು. ಮಕ್ಕಳಿರುವ ಕಟ್ಟಡವಾದ್ದರಿಂದ ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳಿದರು. ಅದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತಲೆಗೆ 500 ರೂಪಾಯಿಗೆ ಆಗುತ್ತದೆ. ಚೆನ್ನೈವರೆಗೆ ರೈಲು, ಅಲ್ಲಿಂದ ಜಾಫ್ನಾದ ವಿಮಾನ ನಿಲ್ದಾಣವಿರುವ ಪಲಾಲಿಗೆ ಚಿಕ್ಕ ವಿಮಾನ. ಕರಣೆ, ತೂಗುಗುಂಡು, ರಸಮಟ್ಟ ಯಾವುದೂ ಕೈಚೀಲದಲ್ಲಿ ಇರಬಾರದು. ಉಜ್ಜುಮಣೆಗಳನ್ನು ಒಯ್ಯಲು ತೂಕ ಸಾಲದೆ ಅಲ್ಲಿಯೇ ತಾಳೆಮರದಲ್ಲಿ ಮಾಡಿಸಿದೆವು. ಅವು ನಮ್ಮ ತೇಗದವುಗಳಿಗಿಂತ ಚೆನ್ನಾಗಿವೆ, ಈಗ ಬೆಂಗಳೂರಿನ ಕೆಲಸಕ್ಕೂ ಅವನ್ನೇ ಬಳಸುತ್ತೇನೆ. ಅಳಲೆಕಾಯಿಯನ್ನು ಇಲ್ಲಿನ ಗ್ರಂಥಿಗೆ ಅಂಗಡಿಯಿಂದ ಹೊತ್ತೊಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ವಿವರಿಸುವುದು ಕಷ್ಟ. ಜಾಫ್ನಾದ ನಾಟಿ ಔಷಧದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ.

ಫೆಬ್ರವರಿಯಲ್ಲಿ ಹೆಚ್ಚಿನ ಕಾಲ ಹೋದದ್ದು ಕೆತ್ತುವುದಕ್ಕೆ. ಸಿಮೆಂಟು ಬಿಟ್ಟುಬರುವಾಗ ಹವಳದ ಕಲ್ಲಿನ ಮೈಯನ್ನೂ ಕಿತ್ತು ತರುತ್ತದೆ, ಆದ್ದರಿಂದ ಯಂತ್ರ ಇಡದೆ ಚಾಣದಿಂದಲೇ ಮಾಡಿದೆವು. ಸಂದುಗಳನ್ನು ಒಂದಂಗುಲ ಆಳಕ್ಕೆ ಬಗೆದು, ಒಣ ಬ್ರಷ್ಷಿನಿಂದ ಗುಡಿಸಿ, ಗುಡಿಸಿದ ಪುಡಿಯನ್ನು ಅಂಗಳದಲ್ಲಿ ಬಿಡದೆ ಗೋಣಿಚೀಲದಲ್ಲಿ ತುಂಬಿ ದೂರ ಸಾಗಿಸಿದೆವು. ಅದರಲ್ಲಿದ್ದ ಉಪ್ಪು ಮಳೆಗೆ ಕರಗಿ ತಿರುಗಿ ಬುಡಕ್ಕೇ ಸೇರುತ್ತದೆ. ಅಮ್ಮ ಗೋಡೆಯ ಅಲ್ಲಲ್ಲಿ ಕೆರೆದ ಪುಡಿಯನ್ನು ನಾಲಗೆಯ ತುದಿಗೆ ಮುಟ್ಟಿಸಿ ಸೀಮೆಸುಣ್ಣದಿಂದ ಗೆರೆ ಹಾಕಿದರು. ಎಂಜಿನಿಯರರು ತಂದ ತೇವಮಾಪಕ ತೋರಿಸಿದ ಎತ್ತರಕ್ಕೂ ಆ ಗೆರೆಗೂ ಒಂದು ಗೇಣಿನ ವ್ಯತ್ಯಾಸವೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳದಿರಲಾರೆ. ಆ ಗೆರೆಯವರೆಗೆ, ಒಂದು ಪಾಲು ಸುಣ್ಣಕ್ಕೆ ಐದಾರು ಪಾಲು ಮರಳು ಹಾಕಿದ ದುರ್ಬಲ ಗಾರೆಯನ್ನು ಮುಕ್ಕಾಲು ಅಂಗುಲ ದಪ್ಪಕ್ಕೆ ಮೆತ್ತಿ, ಉಜ್ಜದೆ ಒರಟಾಗಿ ಬಿಟ್ಟೆವು. ಬೇಸಿಗೆಯಲ್ಲಿ ಗೋಡೆ ಆರುತ್ತಿದ್ದಂತೆ ಉಪ್ಪು ಕಲ್ಲಿನಲ್ಲಿ ಕೂರದೆ ಈ ಗಾರೆಗೆ ಬಂದು ಸೇರುತ್ತದೆ, ಆಮೇಲೆ ಉಪ್ಪಿನ ಸಮೇತ ಅದನ್ನು ಕೆರೆದು ಎಸೆಯುವುದು. ಜೂನಿನ ಹೊತ್ತಿಗೆ ಅದರ ಮೇಲೆ ಬಿಳಿಯ ರೋಮದಂಥ ಉಪ್ಪು ಎದ್ದ ಚಿತ್ರವನ್ನು ವಾರ್ಡನ್ ಗಾಬರಿಯಿಂದ ಕಳುಹಿಸಿದಾಗ ನಮಗೆ ಆದದ್ದು ಸಂತೋಷ.

ಸುಣ್ಣ ಅರಳಿಸುವುದಕ್ಕೆ ಬಾವಿಯ ನೀರು ಬಳಸುವಂತಿರಲಿಲ್ಲ, ಅಲ್ಲಿನ ಹಲವು ಬಾವಿಗಳ ನೀರು ಸವುಳು. ಸಂಸ್ಥೆಯ ಮಳೆನೀರಿನ ತೊಟ್ಟಿಯನ್ನೇ ಖಾಲಿ ಮಾಡಿದ್ದಕ್ಕೆ ಅಡುಗೆಯವರು ಕೆಲವು ದಿನ ಮಾತು ಬಿಟ್ಟಿದ್ದರು. ಹವಳ ಸುಟ್ಟ ಸುಣ್ಣವನ್ನು ಒಬ್ಬರು ಅಗ್ಗಕ್ಕೆ ಕೊಡಲು ಬಂದರೂ ನಾವು ಮುಟ್ಟಲಿಲ್ಲ, ಕರಾವಳಿಯಲ್ಲಿ ಹವಳ ತೆಗೆಯುವುದಕ್ಕೆ ಅಲ್ಲಿ ನಿಷೇಧವಿದೆ. ಸುಣ್ಣಕಲ್ಲಿನ ಸುಣ್ಣವನ್ನೇ ಕೊಂಡು, ನೀಲಿ ಪೀಪಾಯಿಗಳಲ್ಲಿ ಅರಳಿಸಿ, ಮೇಲೆ ನಾಲ್ಕು ಬೆರಳು ನೀರು ಯಾವಾಗಲೂ ನಿಲ್ಲುವಂತೆ ನೋಡಿಕೊಳ್ಳಲು ಹೇಳಿ ಬಂದೆವು. ಒಂದು ಪೀಪಾಯಿ ಸೋರಿ ಒಣಗಿ ಕಲ್ಲಾಯಿತು. ಸುಮಾರು ಹದಿನೈದು ಸಾವಿರ ಲಂಕಾ ರೂಪಾಯಿಯ ಮಾಲು ಹಾಳು. ಉಳಿದವುಗಳಲ್ಲಿ ಸುಣ್ಣ ಬೆಣ್ಣೆಯಂತಾಗಿತ್ತು.

ನಡುವೆ ಬಿಡುವಾದಾಗ ಹಿತ್ತಲ ಕಾಂಪೌಂಡಿನ ಮೇಲೆ ಮಾಡಿದ ಪರೀಕ್ಷೆಗಳಿಗೆ ಸಂಸ್ಥೆಯ ಹಣ ಮುಟ್ಟಿಲ್ಲ. ಅಳಲೆಕಾಯಿಯ ನೀರಿಗೆ ಸೇರಿಸಲು ನಾವು ಮಂಡ್ಯದ ಅಚ್ಚುಬೆಲ್ಲ ಒಯ್ದಿದ್ದೆವು. ಅಲ್ಲಿ ಎಲ್ಲೆಡೆ ಸಿಗುವ ತಾಳೆಬೆಲ್ಲವನ್ನೂ ಪಕ್ಕದ ತುಂಡಿಗೆ ಹಾಕಿ ನೋಡಿದರೆ, ಅದು ಬೇಗ ಹುಳಿಯೆದ್ದು, ಗಾರೆ ಕರಣೆಗೆ ಇನ್ನಷ್ಟು ಹಗುರಾಗಿ ಎಳೆಯಿತು. ಒಡೆದ ಹೆಂಚನ್ನು ಕುಟ್ಟಿ ಸುರ್ಕಿ ಮಾಡಿದ್ದರಲ್ಲಿ ಕಡಿಮೆ ಬೆಂದ, ತಿಳಿ ಬಣ್ಣದ ಹೆಂಚಿನ ಪುಡಿ ಚೆನ್ನಾಗಿ ಕಚ್ಚಿತು, ಹೆಚ್ಚು ಬೆಂದು ಕಪ್ಪಾದದ್ದರ ಪುಡಿ ಬರಿಯ ಮರಳಿನ ಹಾಗೆ ಸುಮ್ಮನೆ ಕುಳಿತಿತು. ಚೆಟ್ಟಿನಾಡಿನ ಮನೆಗಳಲ್ಲಿ ಮಾಡುವಂತೆ ಮೇಲ್ಪದರಕ್ಕೆ ಮೊಟ್ಟೆಯ ಬಿಳಿ ಹಾಕೋಣವೆಂದು ನಾನು ಎರಡು ತಟ್ಟೆ ಮೊಟ್ಟೆ ತಂದರೆ, ಆಗಿನ ಬೆಲೆ ಕೇಳಿದ ಅಮ್ಮ ಅವನ್ನು ವಸತಿಗೃಹದ ಹುಡುಗಿಯರಿಗೆ ಆಮ್ಲೆಟ್ ಮಾಡಿಸಿ ತಿನ್ನಿಸಿಬಿಟ್ಟರು. ಆ ಪರೀಕ್ಷೆ ಇನ್ನೂ ಬಾಕಿಯಿದೆ.

ಹಿಂಗಾರಿಗೆ ಮುಂಚೆ ನಿಜವಾದ ಗಾರೆ ಹಾಕಲು ಹೋದ ಭೇಟಿಯ ದೊಡ್ಡ ತೊಡಕು ಮರಳು. ಕಡಲ ಕಡೆಯ ಮರಳಿನಲ್ಲಿ ಉಪ್ಪಿರುವುದರಿಂದ ಜಾಫ್ನಾದ ದಕ್ಷಿಣಕ್ಕಿರುವ ವನ್ನಿ ಸೀಮೆಯ ಹೊಳೆಮರಳೇ ಬೇಕು, ಅದನ್ನು ಸಾಗಿಸಲು ಪರವಾನಗಿ ಬೇಕು, ಜೊತೆಗೆ ನಾವು ಇಳಿದಾಗ ನಲ್ಲೂರು ಕಂದಸ್ವಾಮಿ ದೇವಸ್ಥಾನದ ಇಪ್ಪತ್ತೈದು ದಿನಗಳ ಉತ್ಸವ ಕೊನೆಯ ಘಟ್ಟದಲ್ಲಿತ್ತು. ಲಾರಿಯೂ ಇಲ್ಲ, ಆಳೂ ಇಲ್ಲ. ಪಾದ್ರಿಯವರು ಗಡಿಬಿಡಿಪಟ್ಟರು, ಆದರೆ ಊರಿನ ಹಬ್ಬವನ್ನು ನಾವು ಬಯ್ಯುವಂತಿರಲಿಲ್ಲ. ಆ ದಿನಗಳಲ್ಲಿ ಉಪ್ಪಿನ ಗಾರೆಯನ್ನು ಕೆರೆದು, ಗೋಡೆಯನ್ನು ಮತ್ತೊಮ್ಮೆ ಗುಡಿಸಿ ಮುಗಿಸಿದೆವು. ಮರಳು ಬಂದ ಮೇಲೆ ಮೊದಲ ಪದರವನ್ನು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನಂತೆ, ಆ ಮರಳಿನ ಒಂದು ಪಾಲನ್ನು ಸುರ್ಕಿಗೆ ಬದಲಿಸಿ ಹಾಕಿದೆವು. ಗಾಳಿ ಬೀಸುವ ಊರು ಅದು. ಮೊದಲು ಹಾಕಿದ ಭಾಗ ಮಧ್ಯಾಹ್ನದೊಳಗೆ ಬಲೆಬಲೆಯಾಗಿ ಬಿರಿಯಿತು, ಎಂಜಿನಿಯರರು ಅದೇ ದಿನ ಬಂದು ನೋಡಿ ಏನೂ ಹೇಳದೆ ಹೋದರು. ಆ ಭಾಗವನ್ನು ಅಮ್ಮ ಕೀಳಲು ಬಿಡಲಿಲ್ಲ. ಇನ್ನೂ ಮೆತ್ತಗಿರುವಾಗಲೇ ಕೊಡತಿಯಿಂದ ಮೆಲ್ಲಗೆ ಬಡಿದು ಬಿರುಕು ಮುಚ್ಚಿಸಿ, ಮುಂದಕ್ಕೆ ಒದ್ದೆ ಗೋಣಿಯ ಪರದೆ ಕಟ್ಟಿಸಿ, ಕೆಲಸವನ್ನು ಬೆಳಗಿನ ಜಾವ ಮತ್ತು ಸಂಜೆಗೆ ಬದಲಿಸಿದರು. ಗೋಡೆಯ ಗಾರೆಯನ್ನು ತಾರಸಿಯಂತೆ ಬಡಿಯುವುದನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಆ ಮೇಲೆ ಬಿರುಕು ಬರಲಿಲ್ಲ. ಮೇಲ್ಪದರವನ್ನು ತೆಳ್ಳಗೆ ಎಳೆದು, ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ, ಸುಣ್ಣದ ತಿಳಿ ಹೊಡೆದು ಮುಗಿಸಿದೆವು.

ಅಳಲೆಕಾಯಿ ಮತ್ತು ಬೆಲ್ಲದ ನೀರಿನ ಅಳತೆಯನ್ನೂ, ಎಷ್ಟು ದಿನ ಹುಳಿಸಬೇಕೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ಅಮ್ಮನ ಕೈಯದು, ನನಗೂ ಅರ್ಧ ಮಾತ್ರ ಹೇಳಿದ್ದಾರೆ. ಕಿಟಕಿಯ ಮೂಲೆಗಳು ಒಡೆಯದಂತೆ ಮಾಡಿದ ಉಪಾಯ ನನ್ನದು; ಅದರಿಂದ ನನಗೆ ಬೆಂಗಳೂರಿನಲ್ಲಿ ಎರಡು ಹೊಸ ಗುತ್ತಿಗೆ ಸಿಕ್ಕಿರುವುದರಿಂದ ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೆತ್ತವರೊಡನೆ ಇಂಥ ಕೆಲಸಕ್ಕೆ ಹೊರಡುವವರು ಒಂದನ್ನು ಹೊರಡುವ ಮೊದಲೇ ನಿರ್ಧರಿಸಿಕೊಳ್ಳಿ: ಕೆಲಸದ ಜಾಗದಲ್ಲಿ ಯಾರ ಮಾತು ನಡೆಯಬೇಕು ಎಂಬುದು. ನಮ್ಮಲ್ಲಿ ಗಾರೆಯ ಹದಕ್ಕೆ ಅಮ್ಮನ ಮಾತು, ಏಣಿ ಮತ್ತು ಹಣಕ್ಕೆ ನನ್ನ ಮಾತು ಎಂದಾಗಿತ್ತು. ಅವರು ಏಣಿ ಹತ್ತದಂತೆ ನೋಡಿಕೊಳ್ಳುವುದೇ ನನ್ನ ಅರ್ಧ ದುಡಿಮೆಯಾಯಿತು. ರಕ್ತದೊತ್ತಡದ ಮಾತ್ರೆಗಳನ್ನು ಹೆಚ್ಚಾಗಿ, ವೈದ್ಯರ ಚೀಟಿಯ ಸಮೇತ ಒಯ್ದಿದ್ದೆವು. ಸುಣ್ಣ ಅರಳಿಸುವಾಗ ಕನ್ನಡಕ ಹಾಕಲು ಅವರು ಒಪ್ಪದೆ, ಕೊನೆಗೆ ವಾರ್ಡನ್ ಗದರಿದ ಮೇಲೆ ಹಾಕಿಕೊಂಡರು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಇಬ್ಬರ ಎರಡೂ ಪ್ರಯಾಣಗಳಿಗೆ ಎಂಬತ್ತು ಸಾವಿರದ ಸುಮಾರು, ವಿಮೆಗೆ ಹತ್ತು ಸಾವಿರ (ಅದರಲ್ಲಿ ಮುಕ್ಕಾಲು ಅಮ್ಮನ ವಯಸ್ಸಿಗೇ ಹೋಯಿತು), ಸಾಮಗ್ರಿ ಮತ್ತು ಅಲ್ಲಿನ ಆಳುಗಳಿಗೆ ಒಂದು ಲಕ್ಷದ ಹತ್ತಿರ. ಊಟ, ವಸತಿ ಸಂಸ್ಥೆಯದು. ಸಭೆಯಲ್ಲಿ ಎತ್ತಿದ ಕಾಣಿಕೆ ಅರವತ್ತು ಸಾವಿರದಷ್ಟಿತ್ತು, ಉಳಿದದ್ದು ನಮ್ಮ ಕೈಯಿಂದ. ನಾನಿಲ್ಲದ ದಿನಗಳಲ್ಲಿ ಇಲ್ಲಿ ನಿಂತ ಕೆಲಸದ ನಷ್ಟವನ್ನು ಲೆಕ್ಕ ಹಾಕಿಲ್ಲ, ಹಾಕಿದರೆ ಮನೆಯಲ್ಲಿ ಮುಂದಿನ ಪ್ರಯಾಣಕ್ಕೆ ಒಪ್ಪಿಗೆ ಸಿಗುವುದಿಲ್ಲ. ಪ್ರಯಾಣವನ್ನು ಬಿಟ್ಟರೆ ಗೋಡೆಯ ಖರ್ಚು ಸಿಮೆಂಟಿನದಕ್ಕಿಂತ ಕಡಿಮೆಯೇ ಆಯಿತು ಎಂಬುದನ್ನು ಎಂಜಿನಿಯರರೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು.

ಈಗ ಅಡುಗೆಮನೆಯ ಗೋಡೆಗೂ ಕೇಳಿದ್ದಾರೆ. ಬಚ್ಚಲಿಗೂ ಕೇಳಿದ್ದರು, ದಿನವಿಡೀ ನೀರು ಬೀಳುವ ಕಡೆ ಬರಿಯ ಸುಣ್ಣ ನಿಲ್ಲುವುದಿಲ್ಲವೆಂದು ಒಲ್ಲೆವೆಂದಿದ್ದೇವೆ. ಅಡುಗೆಮನೆಗೆ ಉಪ್ಪೆಳೆಯುವ ಗಾರೆಯನ್ನು ನಾವು ಕಲಿಸಿಬಂದ ಇಬ್ಬರು ಹುಡುಗರೇ ಹಾಕಿ ಚಿತ್ರ ಕಳುಹಿಸಿದ್ದಾರೆ. ದಪ್ಪ ಸ್ವಲ್ಪ ಹೆಚ್ಚಾಗಿದೆ, ಆದರೆ ಅದು ಹೇಗೂ ಕೆರೆದು ಎಸೆಯುವಂಥದು. ಮರಳನ್ನು ಈ ಸಲ ನಲ್ಲೂರು ಉತ್ಸವಕ್ಕೆ ಮೊದಲೇ ತರಿಸಿ ಮಾಡಿನಡಿ ಹಾಕಿಡಲು ಹೇಳಿದ್ದೇನೆ.