ಹೊಸ ಬಾತ್‌ರೂಮಿನ ನೆಲಕ್ಕೆ ಕರೆಂಟಿನ ಬಿಸಿ: ನನ್ನ ಅನುಭವ

ಅಮೆರಿಕದ ಮಿನಿಯಾಪೊಲಿಸ್‌ನ ನಮ್ಮ ಮನೆಯಲ್ಲಿ ಸ್ನಾನದ ಮನೆಗಳೆಲ್ಲ ಮಹಡಿ ಮೇಲೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ ಅಂತ, ಕೆಳಗೆ ಹಿಂದಿನ ಗೋಡೆಗೆ ಸೇರಿಸಿ ಹೊಸದೊಂದು ಬಾತ್‌ರೂಮ್ ಕಟ್ಟಿಸಿದೆವು. ಮೂರು ಕಡೆ ಹೊರಗೋಡೆ, ನೆಲದ ಕೆಳಗೆ ಬರೀ ಕ್ರಾಲ್ ಸ್ಪೇಸ್, ಅಂದರೆ ತೆವಳಿಕೊಂಡು ಹೋಗುವಷ್ಟೇ ಎತ್ತರದ ಖಾಲಿ ಜಾಗ. ಜನವರಿಯಲ್ಲಿ ಇಲ್ಲಿ ಮೈನಸ್ 25 ಡಿಗ್ರಿಗೂ ಇಳಿಯುತ್ತದೆ. ಆ ಚಳಿಯಲ್ಲಿ ಟೈಲ್ಸ್ ಮೇಲೆ ಬರಿಗಾಲು ಇಡುವುದುಂಟೇ?

ನೆಲ ಬಿಸಿ ಮಾಡಲು ಎರಡು ದಾರಿ. ಪೈಪಿನಲ್ಲಿ ಬಿಸಿನೀರು ಹರಿಸುವುದು ಒಂದು, ಟೈಲ್ಸ್ ಕೆಳಗೆ ಕರೆಂಟಿನ ಕೇಬಲ್ ಹಾಸುವುದು ಇನ್ನೊಂದು. ಬಿಸಿನೀರಿಗೆ ಬಾಯ್ಲರ್, ಪಂಪು ಎಲ್ಲ ಬೇಕು. ಇಡೀ ಮನೆಗಾದರೆ ಸರಿ. ನಮ್ಮದು ಬಿಸಿಗಾಳಿಯ ಫರ್ನೇಸ್. ಒಂದು ರೂಮಿಗೋಸ್ಕರ ಅಷ್ಟೆಲ್ಲ ಯಾರು ಮಾಡ್ತಾರೆ? ಕರೆಂಟಿನ ಮ್ಯಾಟ್, ಅಂದರೆ ಕೇಬಲ್ ಅಂಟಿಸಿದ ಬಲೆಯ ಹಾಸು, ತೀರಾ ತೆಳು. ನೆಲ ಎತ್ತರವಾಗಿ ಬಾಗಿಲಲ್ಲಿ ಎಡವುವ ಭಯವಿಲ್ಲ. ವಯಸ್ಸಾದವರಿಗೆ ಅದೇ ಮುಖ್ಯ ಅಲ್ವಾ.

"ಇದೊಂದಿದ್ದರೆ ಬೇರೆ ಹೀಟರ್ ಬೇಡ" ಅಂತ ಅಂಗಡಿಯಲ್ಲಿ ಹೇಳಿದರು. ಸುಮ್ನೆ ನಂಬುವ ಬದಲು ಲೆಕ್ಕ ಹಾಕಿದೆ. ರೂಮು 80 ಚದರ ಅಡಿ. ವ್ಯಾನಿಟಿ (ಸಿಂಕ್ ಇರುವ ಕಪಾಟು), ಕಮೋಡ್, ಶವರ್ ಜಾಗ ಬಿಟ್ಟರೆ ಮ್ಯಾಟ್ ಹಾಸಲು ಸಿಗುವುದು 45 ಮಾತ್ರ. ಚದರ ಅಡಿಗೆ 12 ವ್ಯಾಟ್‌ನಂತೆ ಒಟ್ಟು 540 ವ್ಯಾಟ್, ಅಂದರೆ ಗಂಟೆಗೆ ಸುಮಾರು 1,840 ಬಿಟಿಯು (ಇಲ್ಲಿ ಬಿಸಿ ಅಳೆಯುವ ಮಾನ). ಗೋಡೆ, ಕಿಟಕಿ, ಸೂರುಗಳಿಂದ ಹೊರಗೆ ಹೋಗುವ ಬಿಸಿಯೇ 2,500ರ ಹತ್ತಿರ ಬಂತು. ಹಾಗಾಗಿ ಪಾದಕ್ಕೆ ನೆಲ, ಮೈಗೆ ಗೋಡೆಯಲ್ಲೊಂದು ಪುಟ್ಟ ಫ್ಯಾನ್ ಹೀಟರ್ ಅಂತ ತೀರ್ಮಾನಿಸಿದೆ. ಮ್ಯಾಟಿನ ದುಡ್ಡಿಗಿಂತ ಮೊದಲು ನೆಲದ ಕೆಳಗಿನ ಇನ್ಸುಲೇಶನ್‌ಗೆ ದುಡ್ಡು ಹಾಕಿದೆ. ಇಲ್ಲದಿದ್ದರೆ ಬಿಸಿಯೆಲ್ಲ ಕ್ರಾಲ್ ಸ್ಪೇಸಿನ ಪಾಲು.

120 ವೋಲ್ಟ್‌ಗೆ 540 ವ್ಯಾಟ್ ಅಂದರೆ ನಾಲ್ಕೂವರೆ ಆಂಪ್ಸ್. ಆದರೂ ಅದಕ್ಕೇ ಅಂತ ಪ್ರತ್ಯೇಕ ಸರ್ಕ್ಯೂಟ್ ಎಳೆಸಿದೆ. ಅದು ಎಲೆಕ್ಟ್ರಿಷಿಯನ್ ಕೆಲಸ. ಮ್ಯಾಟ್ ಹಾಸಿದ್ದು ನಾನೇ. ತಿರುಗಿಸಬೇಕಾದ ಕಡೆ ಬಲೆಯನ್ನು ಮಾತ್ರ ಕತ್ತರಿಸಬೇಕು, ಕೇಬಲ್‌ಗೆ ಕತ್ತರಿ ತಾಗಲೇಬಾರದು. ಕಮೋಡಿನ ಕೆಳಗೆ ಮೇಣದ ರಿಂಗ್ ಇರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಅದರ ಸುತ್ತ ಜಾಗ ಬಿಟ್ಟೆ.

ಇಡೀ ಕೆಲಸದಲ್ಲಿ ಕರೆಂಟಿನ ಅಳತೆ ತೋರಿಸುವ ಮಲ್ಟಿಮೀಟರ್‌ನಷ್ಟು ಉಪಕಾರಿ ಬೇರೊಂದಿಲ್ಲ. ನನ್ನ ಮ್ಯಾಟಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 26.7 ಓಮ್ಸ್ ಇರಬೇಕು. ಅದು ತೀರಾ ಬದಲಾದರೆ ಕೇಬಲ್ ಕೆಟ್ಟಿದೆ ಅಂತ ಅರ್ಥ. ಪೆಟ್ಟಿಗೆ ಬಿಚ್ಚಿದಾಗ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ, ಮೂರು ಸಲವೂ ಅಳೆದು ಬರೆದಿಟ್ಟೆ. ಲೋಹದ ಕರಣೆ ಕೇಬಲ್‌ನ ಸಿಪ್ಪೆಯನ್ನು ಸ್ವಲ್ಪ ಕೆರೆದರೂ ಸಾಕು, ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ. ಟೈಲ್ಸ್‌ನವನ ಕೈಗೆ ಪ್ಲಾಸ್ಟಿಕ್ ಕರಣೆ ಕೊಟ್ಟೆ. ನಕ್ಕ, ಆದರೆ ಅದರಲ್ಲೇ ಮಾಡಿದ. ಗಾರೆ ಹಾಕುವ ಮುಂಚೆ ಅಳತೆ ಟೇಪ್ ಇಟ್ಟು ಫೋಟೋ ತೆಗೆದುಕೊಂಡೆ. ಮುಂದೆ ನೆಲಕ್ಕೆ ಸ್ಕ್ರೂ ಹೊಡೆಯುವಾಗ ಬೇಕಾಗುತ್ತದೆ.

ನೆಲದ ಬಿಸಿ ಅಳೆಯುವ ಸೆನ್ಸರ್ ಎರಡು ಕೇಬಲ್ ಸಾಲುಗಳ ನಡುವೆ ಕೂರಬೇಕು. ನಾನು ಎರಡು ಹೂತೆ. ಒಂದನ್ನು ಥರ್ಮೋಸ್ಟಾಟ್‌ಗೆ (ಬಿಸಿಯನ್ನು ಹದದಲ್ಲಿಡುವ ಸ್ವಿಚ್) ಸೇರಿಸಿದೆ, ಇನ್ನೊಂದರ ವೈರನ್ನು ಅದೇ ಡಬ್ಬಿಯಲ್ಲಿ ಸುತ್ತಿಟ್ಟಿದ್ದೇನೆ. ಮೊದಲನೆಯದು ಕೆಟ್ಟರೆ ನೆಲ ಅಗೆಯುವ ಕೆಲಸ ತಪ್ಪುತ್ತದೆ.

ಅಮ್ಮನಿಗೆ ಬಕೆಟ್ಟು ಚೊಂಬೇ ಆಗಬೇಕು. ಇಲ್ಲಿನ ಬಾತ್‌ರೂಮುಗಳಲ್ಲಿ ಶವರ್ ಆಚೆಗೆ ನೀರು ಹೋಗಲು ದಾರಿಯೇ ಇರುವುದಿಲ್ಲ, ಹಾಗಾಗಿ ನೆಲಕ್ಕೆಲ್ಲ ನೀರು ತಡೆಯುವ ಪದರ ಹಾಕಿಸಿದೆ. ಇನ್ನು, 5 ಮಿಲಿಆಂಪ್ಸ್‌ನಷ್ಟು ಕರೆಂಟ್ ಸೋರಿದರೂ ಥರ್ಮೋಸ್ಟಾಟ್ ತಾನೇ ಅದನ್ನು ಕಡಿಯುತ್ತದೆ. "ನೀರಿದ್ದಲ್ಲಿ ಕರೆಂಟೇ?" ಅಂದ ಅಮ್ಮನಿಗೆ ಅದರ ಟೆಸ್ಟ್ ಬಟನ್ ಒತ್ತಿ ತೋರಿಸಬೇಕಾಯಿತು.

ಗಾರೆ ಪೂರ್ತಿ ಒಣಗುವವರೆಗೆ ಸ್ವಿಚ್ ಹಾಕಬಾರದು. ಎಷ್ಟು ದಿನ ಅನ್ನುವುದು ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಈಗ ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಓಡುತ್ತದೆ. ನೆಲ ಕಾಯಲು ಹೊತ್ತು ಹಿಡಿಯುತ್ತದೆ, ಅದಕ್ಕೇ ಅಪ್ಪ ಏಳುವ ಮುಂಚೆಯೇ ಶುರುವಾಗುವಂತೆ ಟೈಮರ್ ಇಟ್ಟಿದ್ದೇನೆ. ದಿನಕ್ಕೆ ಹೆಚ್ಚೆಂದರೆ ಎರಡು ಯೂನಿಟ್ ಚಿಲ್ಲರೆ. ಬಿಲ್ಲಿನಲ್ಲಿ ಜಾಸ್ತಿ ಕಾಣುವುದು ಗೋಡೆಯ ಹೀಟರೇ.